ಬೆಂಗಳೂರಿಗೆ ನಾವೇ ಹೋಗಿ ಬರೋಣ

ನಾವು ಚಿಂತಾಮಣಿ ಸೀಮೆಯವರು. ಬೆಂಗಳೂರು ನಮಗೆ ದೂರದ ಊರಲ್ಲ. ಸುಮಾರು 75 ಕಿಲೋಮೀಟರು, ಅಷ್ಟೆ. ನಾವು ಬೆಳೆದ ಟೊಮ್ಯಾಟೊ ಬೆಂಗಳೂರಿಗೆ ಹೋಗುತ್ತದೆ. ಸೊಪ್ಪು, ತರಕಾರಿ ಹೋಗುತ್ತದೆ. ಶಿಡ್ಲಘಟ್ಟದ ರೇಷ್ಮೆ ಹೋಗುತ್ತದೆ. ಆದರೆ ನಾವು ಹೋಗುತ್ತೇವೆಯೇ?

"ಬೆಂಗಳೂರಾ? ನಮ್ಮ ಕೈಲಿ ಆಗಲ್ಲಮ್ಮ. ಗಂಡಸರು ಯಾರಾದರೂ ಜೊತೆಗೆ ಬರಬೇಕು" ಅಂತೀವಿ.

ಯಾಕೆ ಹಾಗೆ ಅಂತೀವಿ? ದಾರಿ ತಪ್ಪೀತು ಅನ್ನೋ ಭಯ. ಆಟೋದವರು ಜಾಸ್ತಿ ಕೇಳ್ತಾರೆ ಅನ್ನೋ ಭಯ. ಬೋರ್ಡು ಓದಲು ಬರಲ್ಲ ಅನ್ನೋ ಭಯ. ಮೊದಲು ಈ ಭಯಕ್ಕೆ ಕಾರಣ ಇತ್ತು. ಈಗ ನಾವು ಅಕ್ಷರ ಕಲಿತಿದ್ದೇವೆ. ಕೂಡೋದು, ಕಳೆಯೋದು ಕಲಿತಿದ್ದೇವೆ. ಇನ್ನೂ ಭಯ ಪಡಬೇಕೇ?

ನಮ್ಮ ಗುಂಪಿನ ದೊಡ್ಡಮ್ಮ

ನಮ್ಮ ಕಲಿಕಾ ಗುಂಪಿನಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಾರೆ. ಆದರೆ ಪುಸ್ತಕ ತೆರೆದರೆ, "ನನಗೆ ಅಕ್ಷರ ತಲೆಗೆ ಹತ್ತಲ್ಲ ಬಿಡ್ರಮ್ಮ" ಅನ್ನುತ್ತಿದ್ದರು. ನಾವೂ ವಯಸ್ಸಾಯಿತಲ್ಲ ಅಂದುಕೊಂಡೆವು.

ಒಂದು ದಿನ ಅವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದರು. ಅವರಿಗೆ ಗೊತ್ತೇ ಆಗಲಿಲ್ಲ. ಆಗ ನಮಗೆ ತಿಳಿಯಿತು. ತೊಂದರೆ ತಲೆಯಲ್ಲಿ ಇರಲಿಲ್ಲ, ಕಣ್ಣಿನಲ್ಲಿ ಇತ್ತು.

ಡಾಕ್ಟರಿಗೆ ತೋರಿಸಿದೆವು. "ಕಣ್ಣಿನಲ್ಲಿ ಪೊರೆ ಬಂದಿದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಗೂ ತೊಂದರೆ ಆಗಿರಬಹುದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ತೋರಿಸಿ. ತಡ ಮಾಡಬೇಡಿ" ಅಂದರು.

ಮಿಂಟೋ ಸರ್ಕಾರಿ ಆಸ್ಪತ್ರೆ. ಮಗ ಒಂದು ದಿನ ಕೆಲಸ ಬಿಟ್ಟು ಕರೆದುಕೊಂಡು ಹೋದ. ಅವನು ಟೆಂಪೋ ಓಡಿಸುತ್ತಾನೆ. ಕೆಲಸಕ್ಕೆ ಹೋದ ದಿನ ಮಾತ್ರ ಕೂಲಿ. ತಪಾಸಣೆ ಆಯಿತು. "ಹದಿನೈದು ದಿನ ಬಿಟ್ಟು ಬನ್ನಿ. ಆಮೇಲೂ ಮೂರು ನಾಲ್ಕು ಸಲ ಬರಬೇಕಾಗುತ್ತದೆ" ಅಂದರು ಡಾಕ್ಟರು.

ಮನೆಗೆ ಬಂದ ದೊಡ್ಡಮ್ಮ, "ನಾನು ಇನ್ನು ಹೋಗಲ್ಲ. ಇದ್ದಷ್ಟು ದಿನ ಇರಲಿ ಕಣ್ಣು" ಅಂದುಬಿಟ್ಟರು.

ಟಿಕೆಟ್ಟಿಗಿಂತ ದೊಡ್ಡ ಖರ್ಚು

ಯಾಕೆ ಹಾಗಂದರು? ನಾವು ಕೂತು ಲೆಕ್ಕ ಹಾಕಿದೆವು.

ದೊಡ್ಡಮ್ಮನ ಬಸ್ ಚಾರ್ಜು: ಏನೂ ಇಲ್ಲ.
ಮೆಜೆಸ್ಟಿಕ್‌ನಿಂದ ಆಸ್ಪತ್ರೆಗೆ ಆಟೋ: 300 ರೂಪಾಯಿ.
ಆಸ್ಪತ್ರೆಯಿಂದ ಮೆಜೆಸ್ಟಿಕ್‌ಗೆ ಆಟೋ: 250 ರೂಪಾಯಿ.
ಮಗನ ಒಂದು ದಿನದ ಕೂಲಿ: 700 ರೂಪಾಯಿ.
ಒಟ್ಟು: 1,250 ರೂಪಾಯಿ. ಮಗನ ಬಸ್ ಚಾರ್ಜು, ಊಟ ಬೇರೆ.

ನೋಡಿದಿರಾ? ದೊಡ್ಡಮ್ಮನ ಬಸ್ಸಿಗೆ ಒಂದು ರೂಪಾಯಿಯೂ ಆಗಲಿಲ್ಲ. ದುಡ್ಡು ಹೋದದ್ದು ಎರಡು ಕಡೆ. ಒಂದು, ಆಟೋಗೆ. ಇನ್ನೊಂದು, ಜೊತೆಗೆ ಬಂದ ಮಗನ ಕೂಲಿಗೆ. ದಾರಿ ಗೊತ್ತಿದ್ದರೆ ಆ ಆಟೋ ಬೇಕಿರಲಿಲ್ಲ. ಬೋರ್ಡು ಓದುವ ಹೆಂಗಸರು ಜೊತೆಗಿದ್ದರೆ ಮಗನ ಕೂಲಿಯೂ ಉಳಿಯುತ್ತಿತ್ತು.

"ಮುಂದಿನ ಸಲ ನಾವು ಬರ್ತೀವಿ ನಡಿ ದೊಡ್ಡಮ್ಮ" ಅಂದೆವು ನಾವು ಇಬ್ಬರು. ಹೋಗುವ ಮುಂಚೆ ದಾರಿ ವಿಚಾರಿಸಿಕೊಂಡೆವು. ಕೆಲವು ಸಂಗತಿ ಕೇಳಿ ತಿಳಿದೆವು. ಕೆಲವನ್ನು ತಪ್ಪು ಮಾಡಿ ಕಲಿತೆವು. ಅದನ್ನೇ ಇಲ್ಲಿ ನಿಮಗೆ ಹೇಳುತ್ತಿದ್ದೇವೆ.

ಶೂನ್ಯ ಟಿಕೆಟ್ಟು

2023ರ ಜೂನ್ 11ರಂದು ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ಶುರು ಮಾಡಿತು. ಕರ್ನಾಟಕದ ಹೆಂಗಸರು ರಾಜ್ಯದ ಒಳಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡಬೇಕಾಗಿಲ್ಲ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ಕೆಂಪು ಬಸ್ಸಿಗೂ ಇದು ನಡೆಯುತ್ತದೆ. ಬೆಂಗಳೂರಿನ ಒಳಗೆ ಓಡುವ ಸಿಟಿ ಬಸ್ಸಿಗೂ ನಡೆಯುತ್ತದೆ.

ಆದರೆ ಕೆಲವು ಮಾತು ನೆನಪಿರಲಿ.

ಆಧಾರ್ ಕಾರ್ಡು ಅಥವಾ ಮತದಾರರ ಚೀಟಿ ಜೊತೆಯಲ್ಲಿ ಇರಬೇಕು. ಅದರಲ್ಲಿ ಕರ್ನಾಟಕದ ವಿಳಾಸ ಇರಬೇಕು. ನಮ್ಮದು ಗಡಿ ಸೀಮೆ. ಮದನಪಲ್ಲಿ ಕಡೆಯಿಂದ ಸೊಸೆ ತರುವುದು ನಮ್ಮಲ್ಲಿ ಹೊಸದಲ್ಲ. ಅವರ ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸ ಇದ್ದರೆ ಟಿಕೆಟ್ ದುಡ್ಡು ಕೊಡಲೇಬೇಕು. ಹಾಗಾಗಿ ನಿಮ್ಮ ಮನೆಯ ಸೊಸೆಯಂದಿರ ಕಾರ್ಡು ತೆಗೆದು ವಿಳಾಸ ಓದಿ ನೋಡಿ. ಹಳೆಯದಾಗಿದ್ದರೆ ತಿದ್ದಿಸಿ.

ಖಾಸಗಿ ಬಸ್ಸಿನಲ್ಲಿ ಈ ಯೋಜನೆ ಇಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳು ಬಹಳ. ಆಂಧ್ರದ ಸರ್ಕಾರಿ ಬಸ್ಸಿಗೂ ಇದು ನಡೆಯುವುದಿಲ್ಲ. ರಾಜಹಂಸ, ಐರಾವತ, ಸಿಟಿಯ ವಜ್ರ, ಇಂಥ ಐಷಾರಾಮಿ ಬಸ್ಸಿಗೂ ಇಲ್ಲ. ಹತ್ತುವ ಮುಂಚೆ ಬಸ್ಸಿನ ಮೇಲೆ ಬರೆದಿರುವ ಹೆಸರು ಓದಿ.

ದುಡ್ಡು ಕೊಡಬೇಕಿಲ್ಲ ಅಂತ ಟಿಕೆಟ್ ತೆಗೆದುಕೊಳ್ಳದೆ ಕೂರಬೇಡಿ. ಕಂಡಕ್ಟರು ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರೆ. ಅದೇ ಶೂನ್ಯ ಟಿಕೆಟ್ಟು. ಚೆಕಿಂಗ್‌ನವರು ಬಂದರೆ ಅದನ್ನೇ ತೋರಿಸಬೇಕು. ಇನ್ನೊಂದು ಸಂಗತಿ. ನಮಗೆ ಕೊಟ್ಟ ಶೂನ್ಯ ಟಿಕೆಟ್ಟಿನ ಲೆಕ್ಕ ಇಟ್ಟುಕೊಂಡೇ ಸರ್ಕಾರ ಬಸ್ಸಿನ ಸಂಸ್ಥೆಗೆ ದುಡ್ಡು ಕಟ್ಟುತ್ತದೆ. ಆದ್ದರಿಂದ ಇದು ಯಾರೋ ಕೊಟ್ಟ ದಾನ ಅಲ್ಲ. ಸಂಕೋಚ ಬೇಡ. ಕೇಳಿ ತೆಗೆದುಕೊಳ್ಳಿ.

ಗಂಡಸರು ಜೊತೆಗೆ ಬಂದರೆ ಅವರಿಗೆ ಟಿಕೆಟ್ ಬೇಕು. ಆಗ ರೈಲೂ ಒಂದು ದಾರಿ. ನಮ್ಮ ಕಡೆ ಮೊದಲು ಪುಟ್ಟ ಹಳಿಯ ರೈಲು ಇತ್ತು. ಕೋಲಾರದಿಂದ ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರಕ್ಕೆ 2013ರಲ್ಲಿ ದೊಡ್ಡ ಹಳಿ ಬಂತು. ರೈಲು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಯಲಹಂಕ ಬಳಸಿ ಹೋಗುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ. ರೈಲುಗಳೂ ಕಡಿಮೆ. ನಿಲ್ದಾಣದಲ್ಲಿ ಹೊತ್ತು ಕೇಳಿಕೊಂಡು ಹೊರಡಿ.

ಎಲ್ಲಿ ಇಳಿಯಬೇಕು?

ಚಿಂತಾಮಣಿ ಬಸ್ಸು ಎಚ್. ಕ್ರಾಸ್, ಹೊಸಕೋಟೆ ದಾಟಿ ಬೆಂಗಳೂರು ಸೇರುತ್ತದೆ. ಮೊದಲು ಕೆ.ಆರ್. ಪುರ ಬರುತ್ತದೆ. ಆಮೇಲೆ ತೂಗು ಸೇತುವೆ, ಟಿನ್ ಫ್ಯಾಕ್ಟರಿ. ಕೊನೆಗೆ ಮೆಜೆಸ್ಟಿಕ್.

ಎಲ್ಲರೂ ಮೆಜೆಸ್ಟಿಕ್ ತನಕ ಹೋಗಬೇಕಿಲ್ಲ. ಮಾರತ್‌ಹಳ್ಳಿ, ಸಿಲ್ಕ್ ಬೋರ್ಡ್, ಹೆಬ್ಬಾಳ, ಇಂಥ ಕಡೆ ಹೋಗುವವರು ಟಿನ್ ಫ್ಯಾಕ್ಟರಿಯಲ್ಲೇ ಇಳಿಯಬೇಕು. ಅಲ್ಲಿಂದ ಹೊರವರ್ತುಲ ರಸ್ತೆಯ ಸಿಟಿ ಬಸ್ಸು ಸಿಗುತ್ತದೆ. ಆ ಬಸ್ಸುಗಳ ನಂಬರು 500ರಿಂದ ಶುರು. ಮೆಜೆಸ್ಟಿಕ್‌ಗೆ ಹೋಗಿ ತಿರುಗಿ ಬಂದರೆ ಅರ್ಧ ದಿನ ಹಾಳು.

ಮೆಜೆಸ್ಟಿಕ್ ಅನ್ನುವುದು ಅಲ್ಲಿದ್ದ ಒಂದು ಸಿನಿಮಾ ಟಾಕೀಸಿನ ಹೆಸರು. ಬಸ್ಸಿನ ಬೋರ್ಡಿನ ಮೇಲೆ ಬೇರೆ ಹೆಸರೂ ಇರುತ್ತದೆ. "ಕೆಂಪೇಗೌಡ ಬಸ್ ನಿಲ್ದಾಣ" ಅಂತ ಬರೆದಿರುತ್ತಾರೆ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರು ಅದು. ಎರಡೂ ಒಂದೇ ಜಾಗ. ಅಲ್ಲಿ ಊರೂರಿಗೆ ಹೋಗುವ ಬಸ್ಸು ಒಂದು ಕಡೆ ನಿಲ್ಲುತ್ತದೆ. ಸಿಟಿ ಬಸ್ಸು ಇನ್ನೊಂದು ಕಡೆ ನಿಲ್ಲುತ್ತದೆ. ಎದುರಿಗೆ ರೈಲು ನಿಲ್ದಾಣ. ಪಕ್ಕದಲ್ಲೇ ನೆಲದ ಕೆಳಗೆ ಮೆಟ್ರೋ.

ಪೂರ್ತಿ ಹೆಸರು ಓದಿ

ಇಲ್ಲಿ ನಾವು ಮಾಡಿದ ತಪ್ಪು ಹೇಳುತ್ತೇವೆ. ನಗಬೇಡಿ.

ಮಿಂಟೋ ಆಸ್ಪತ್ರೆ ಕೆ.ಆರ್. ಮಾರುಕಟ್ಟೆ ಹತ್ತಿರ. ಮೆಜೆಸ್ಟಿಕ್‌ನಲ್ಲಿ ಒಂದು ಬಸ್ಸು ಬಂತು. ಬೋರ್ಡಿನಲ್ಲಿ "ಕೆ.ಆರ್." ಅಂತ ಕಂಡಿತು. "ಬಂತು ಬಂತು, ಹತ್ರಿ!" ಅಂತ ಎಲ್ಲರೂ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರು ಟಿಕೆಟ್ ಕೇಳಿದರು. "ಮಾರ್ಕೆಟ್" ಅಂದೆವು. "ಇದು ಕೆ.ಆರ್. ಪುರಕ್ಕೆ ಹೋಗೋದು ಕಣಮ್ಮ" ಅಂದರು! ಬೆಳಗ್ಗೆ ನಾವು ದಾಟಿ ಬಂದ ಊರಿಗೇ ವಾಪಸ್ ಹೊರಟಿದ್ದೆವು. ಮುಂದಿನ ಸ್ಟಾಪಿನಲ್ಲಿ ಇಳಿದೆವು. ದುಡ್ಡು ಹೋಗಲಿಲ್ಲ. ಹೊತ್ತು ಹೋಯಿತು.

ಕೆ.ಆರ್. ಪುರ, ಕೆ.ಆರ್. ಮಾರುಕಟ್ಟೆ, ಕೆ.ಆರ್. ವೃತ್ತ. ಮೂರೂ ಬೇರೆ ಬೇರೆ ಜಾಗ. ಅರ್ಧ ಓದಿ ಹತ್ತಿದರೆ ಹೀಗೇ ಆಗುವುದು. ಮೊದಲ ಎರಡು ಅಕ್ಷರ ನೋಡಿ ಊಹೆ ಮಾಡಬೇಡಿ. ಪೂರ್ತಿ ಹೆಸರು ಓದಿ. ಆಮೇಲೂ ಒಂದು ಸಲ ಕಂಡಕ್ಟರನ್ನು ಕೇಳಿ. ಓದು ಬಂದವರೂ ಕೇಳುತ್ತಾರೆ. ಕೇಳಿದರೆ ಅವಮಾನ ಏನಿಲ್ಲ.

ನಂಬರಿಗೂ ಇದೇ ಮಾತು. ಸಿಟಿ ಬಸ್ಸಿನ ನಂಬರು ಇಂಗ್ಲಿಷ್ ಅಂಕಿಯಲ್ಲಿ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಇರಬಹುದು. ಅಂಕಿ ಒಂದೇ ಇದ್ದು ಅಕ್ಷರ ಬೇರೆ ಇದ್ದರೆ ಬಸ್ಸಿನ ದಾರಿಯೂ ಬೇರೆ. ಅಂಕಿ, ಅಕ್ಷರ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಬೋರ್ಡಿನ ಜೊತೆ ಹೋಲಿಸಿ ನೋಡಿ.

ಸಿಟಿ ಬಸ್ಸಿನ ಮುಂದಿನ ಸೀಟುಗಳು ಹೆಂಗಸರಿಗೆ. ಮುಂದಿನ ಬಾಗಿಲಿನಿಂದ ಹತ್ತಿ. ಬಸ್ಸು ಪೂರ್ತಿ ನಿಂತ ಮೇಲೆಯೇ ಹತ್ತಿ, ಇಳಿಯಿರಿ.

ಮೆಟ್ರೋ ರೈಲು

ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ಮೆಟ್ರೋ ಶುರುವಾಯಿತು. ನಮ್ಮ ಕಡೆಯವರಿಗೆ ಅನುಕೂಲ ಆದದ್ದು 2023ರ ಅಕ್ಟೋಬರಿನಲ್ಲಿ. ಆಗ ನೇರಳೆ ಮಾರ್ಗ ಕೆ.ಆರ್. ಪುರದ ಮೇಲೆ ಪೂರ್ತಿ ಓಡತೊಡಗಿತು. ಈಗ ತೂಗು ಸೇತುವೆ ಬಳಿ ಬಸ್ಸು ಇಳಿದು ಮೆಟ್ರೋ ಹತ್ತಬಹುದು. ಸುಮಾರು ಅರ್ಧ ಗಂಟೆಯಲ್ಲಿ ಮೆಜೆಸ್ಟಿಕ್. ಕೆಳಗೆ ರಸ್ತೆಯಲ್ಲಿ ಎಷ್ಟೇ ಗಾಡಿ ನಿಂತಿರಲಿ, ಮೆಟ್ರೋ ನಿಲ್ಲುವುದಿಲ್ಲ.

ಆದರೆ ಮೆಟ್ರೋದಲ್ಲಿ ಶಕ್ತಿ ಯೋಜನೆ ಇಲ್ಲ. ಹೆಂಗಸರೂ ದುಡ್ಡು ಕೊಡಬೇಕು. 2025ರ ಫೆಬ್ರವರಿಯಲ್ಲಿ ದರ ಹೆಚ್ಚಾಯಿತು. ಆಗ ಕಡಿಮೆ ಎಂದರೆ 10 ರೂಪಾಯಿ, ಹೆಚ್ಚೆಂದರೆ 90 ರೂಪಾಯಿ ಅಂತ ಆಯಿತು. ನೀವು ಹೋಗುವ ನಿಲ್ದಾಣಕ್ಕೆ ಎಷ್ಟು ಅಂತ ಮೊದಲೇ ಕೇಳಿ. ಎಷ್ಟು ಜನ ಇದ್ದೀರಿ? ಹೋಗಲು ಎಷ್ಟು, ಬರಲು ಎಷ್ಟು? ಕೂಡಿ ನೋಡಿ. ಆಮೇಲೆ ಯೋಚನೆ ಮಾಡಿ.

ನಾವು ಹೀಗೆ ಮಾಡುತ್ತೇವೆ. ಬೆಳಗ್ಗೆ ಬೇಗ ಹೊರಟರೆ ಬಸ್ಸಿನಲ್ಲೇ ಮೆಜೆಸ್ಟಿಕ್ ತನಕ ಕೂರುತ್ತೇವೆ. ರಸ್ತೆ ಖಾಲಿ ಇರುತ್ತದೆ, ಖರ್ಚೂ ಇಲ್ಲ. ಹೊರಡುವುದು ತಡ ಆದರೆ ಕೆ.ಆರ್. ಪುರದಿಂದ ಮೆಟ್ರೋ ಹಿಡಿಯುತ್ತೇವೆ. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಹೊತ್ತು ಮೀರಿದರೆ ಇನ್ನೊಂದು ದಿನ ಬರಬೇಕಾಗುತ್ತದೆ. ಆಗ ಉಳಿಸಿದ ಮೆಟ್ರೋ ದುಡ್ಡಿನಿಂದ ಏನು ಬಂತು?

ಮೆಟ್ರೋ ಹತ್ತುವುದು ಕಷ್ಟ ಅಲ್ಲ. ಕೌಂಟರಿನಲ್ಲಿ ನಿಲ್ದಾಣದ ಹೆಸರು ಹೇಳಿ ಟೋಕನ್ ತೆಗೆದುಕೊಳ್ಳಿ. ಅದು ಬಿಲ್ಲೆಯ ಹಾಗೆ ಇರುತ್ತದೆ. ಒಳಗೆ ಹೋಗುವಾಗ ಗೇಟಿನ ಮೇಲೆ ಮುಟ್ಟಿಸಬೇಕು. ಹೊರಗೆ ಬರುವಾಗ ಗೇಟಿನ ತೂತಿಗೆ ಹಾಕಬೇಕು. ಕಳೆಯಬೇಡಿ. ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ.

ತಾನಾಗಿಯೇ ಓಡುವ ಮೆಟ್ಟಿಲು ಕಂಡರೆ ಹೆದರಬೇಡಿ. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು ಹತ್ತಿ. ಅಂಚು ಸಿಕ್ಕಿಕೊಳ್ಳಬಾರದು. ಬೇಡ ಅನ್ನಿಸಿದರೆ ಸಾಮಾನ್ಯ ಮೆಟ್ಟಿಲು ಇದೆ. ವಯಸ್ಸಾದವರಿಗೆ ಲಿಫ್ಟ್ ಇದೆ. ದೊಡ್ಡಮ್ಮ ಲಿಫ್ಟಿನಲ್ಲೇ ಹೋದರು.

ರೈಲು ಯಾವ ಕಡೆಗೆ ಹೋಗುತ್ತದೆ ಅಂತ ತಿಳಿಯುವುದು ಹೇಗೆ? ಕೊನೆಯ ನಿಲ್ದಾಣದ ಹೆಸರು ಓದಿ. ಕೆ.ಆರ್. ಪುರದಿಂದ ಮೆಜೆಸ್ಟಿಕ್‌ಗೆ ಹೋಗಲು "ಚಲ್ಲಘಟ್ಟ" ಕಡೆಯ ರೈಲು. ವಾಪಸ್ ಬರಲು "ವೈಟ್‌ಫೀಲ್ಡ್ (ಕಾಡುಗೋಡಿ)" ಕಡೆಯ ರೈಲು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಸೇರುತ್ತದೆ. ಮಾರುಕಟ್ಟೆಗೆ ಹೋಗಲು "ರೇಷ್ಮೆ ಸಂಸ್ಥೆ" ಕಡೆಯ ರೈಲು ಹತ್ತಬೇಕು. ರೇಷ್ಮೆ ಅಂದರೆ ನಮ್ಮ ಕಡೆಯ ಪದವೇ ಅಲ್ಲವೇ? ಮರೆಯುವುದಿಲ್ಲ. ಮೆಜೆಸ್ಟಿಕ್ ಆದ ಮೇಲೆ ಚಿಕ್ಕಪೇಟೆ. ಆಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ.

ಆಟೋ ಹತ್ತುವ ಮುಂಚೆ

ಕಾಯಿಲೆಯವರು ನಡೆಯಲಾರರು ಅಂದರೆ ಆಟೋ ಬೇಕೇ ಬೇಕು. ತಪ್ಪಿಲ್ಲ. ಆದರೆ ದರ ಗೊತ್ತಿರಲಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಅಂತ ನಿಗದಿ ಆಯಿತು. ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಂದೂವರೆ ಪಟ್ಟು.

ಮೆಜೆಸ್ಟಿಕ್‌ನಿಂದ ಮಿಂಟೋಗೆ ಸುಮಾರು 3 ಕಿಲೋಮೀಟರು. ಲೆಕ್ಕ ಮಾಡೋಣ. 36 ಮತ್ತು 18 ಕೂಡಿದರೆ 54 ರೂಪಾಯಿ. ದೊಡ್ಡಮ್ಮನ ಮಗ ಕೊಟ್ಟದ್ದು 300!

ಎಲ್ಲ ಆಟೋದವರೂ ಹಾಗಲ್ಲ. ಮೀಟರ್ ಹಾಕಿ ಚಿಲ್ಲರೆ ಎಣಿಸಿ ಕೊಟ್ಟವರನ್ನೂ ನೋಡಿದ್ದೇವೆ. "ಮೀಟರ್ ಹಾಕ್ತೀರಾ ಅಣ್ಣ?" ಅಂತ ಹತ್ತುವ ಮುಂಚೆ ಕೇಳಿ. ಒಪ್ಪದಿದ್ದರೆ ಇನ್ನೊಂದು ಆಟೋ ನೋಡಿ. ದರ ಗೊತ್ತಿರುವವರ ಮಾತಿನಲ್ಲಿ ಧೈರ್ಯ ತಾನಾಗಿ ಬರುತ್ತದೆ.

ಯಾವ ಆಸ್ಪತ್ರೆ ಎಲ್ಲಿದೆ?

ಮಿಂಟೋ ಕಣ್ಣಾಸ್ಪತ್ರೆ, ವಿಕ್ಟೋರಿಯಾ, ವಾಣಿವಿಲಾಸ: ಮೂರೂ ಹತ್ತಿರ ಹತ್ತಿರ. ಕೆ.ಆರ್. ಮಾರುಕಟ್ಟೆಗೆ ಹೋಗಬೇಕು. ಬಸ್ಸೂ ಇದೆ, ಮೆಟ್ರೋವೂ ಇದೆ. ವಾಣಿವಿಲಾಸ ಹೆರಿಗೆಗೆ, ಮಕ್ಕಳಿಗೆ.

ಜಯದೇವ ಹೃದಯದ ಆಸ್ಪತ್ರೆ: 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾಯಿತು. ಅದರಲ್ಲಿ "ಜಯದೇವ ಆಸ್ಪತ್ರೆ" ಅಂತಲೇ ಒಂದು ನಿಲ್ದಾಣ ಇದೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ ತನಕ ಹೋಗಬೇಕು. ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ: ಇವೂ ಹತ್ತಿರ ಹತ್ತಿರ. ಮೆಜೆಸ್ಟಿಕ್‌ನಿಂದ ಸಿಟಿ ಬಸ್ಸು ಹಿಡಿಯುವುದು ಒಳ್ಳೆಯದು.

ಬೌರಿಂಗ್ ಆಸ್ಪತ್ರೆ: ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ.

ಹೊರಡುವ ಹಿಂದಿನ ರಾತ್ರಿ

ಒಂದು ಚೀಟಿ ಬರೆದುಕೊಳ್ಳಿ. ಎಲ್ಲಿ ಇಳಿಯಬೇಕು, ಯಾವ ಬಸ್ಸು ಹತ್ತಬೇಕು, ಮನೆಯವರ ಫೋನ್ ನಂಬರು, ಎಲ್ಲ ಅದರಲ್ಲಿ ಇರಲಿ. ಫೋನಿನ ಬ್ಯಾಟರಿ ಮುಗಿದರೂ ಚೀಟಿ ಇರುತ್ತದೆ. ಜೊತೆಗೆ ಬರುವ ಎಲ್ಲರ ಹತ್ತಿರವೂ ಒಂದೊಂದು ಚೀಟಿ ಇರಲಿ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ದುಡ್ಡು ಎರಡು ಕಡೆ ಇಡಿ. ಹತ್ತರ, ಇಪ್ಪತ್ತರ ನೋಟು ಇರಲಿ. ಬುತ್ತಿ, ನೀರು ಕಟ್ಟಿಕೊಳ್ಳಿ. ಊಟ ಬೇಕಾದರೆ ಇಂದಿರಾ ಕ್ಯಾಂಟೀನ್ ಎಲ್ಲಿದೆ ಅಂತ ಕೇಳಿ. 2017ರಲ್ಲಿ ಶುರುವಾದ ಈ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಆಸ್ಪತ್ರೆಯ ಹಳೆಯ ಕಾಗದಗಳನ್ನು ಒಂದೇ ಚೀಲದಲ್ಲಿ ಹಾಕಿಕೊಳ್ಳಿ.

ತೊಂದರೆ ಆದರೆ 112ಕ್ಕೆ ಫೋನ್ ಮಾಡಿ. ಪೊಲೀಸರು ಸಿಗುತ್ತಾರೆ. 181 ಹೆಂಗಸರ ಸಹಾಯವಾಣಿ.

ದೊಡ್ಡಮ್ಮನ ಕಣ್ಣು ಏನಾಯಿತು?

ದೊಡ್ಡಮ್ಮನ ಜೊತೆ ನಾವು ಸರದಿಯ ಮೇಲೆ ನಾಲ್ಕು ಸಲ ಹೋದೆವು. ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದು ಕಣ್ಣಿನ ಒಳಪರದೆ ಹಾಳಾಗಿತ್ತು. "ಇನ್ನೂ ಮುಂಚೆ ಬರಬೇಕಿತ್ತು. ಈಗ ಇರುವಷ್ಟನ್ನು ಉಳಿಸಬಹುದು. ಸಕ್ಕರೆ ಹತೋಟಿಯಲ್ಲಿ ಇಡಿ" ಅಂದರು ಡಾಕ್ಟರು. ದಾರಿಗೆ ಹೆದರಿ ಕಳೆದ ದಿನಗಳ ಬೆಲೆ ಅದು. ಆ ಮಾತು ಕೇಳಿ ನಮ್ಮೆಲ್ಲರಿಗೂ ಹೊಟ್ಟೆ ಚುರುಕ್ ಅಂದಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಕೊನೆಯ ಸಲ ವಾಪಸ್ ಬರುವಾಗ ಮೆಜೆಸ್ಟಿಕ್‌ನಲ್ಲಿ ನಿಂತಿದ್ದೆವು. ಸಂಜೆ ಆಗಿತ್ತು. ಸಾಲಾಗಿ ಬಸ್ಸುಗಳು. ನಾವಿಬ್ಬರೂ ಮಾತಾಡುತ್ತಾ ಮೈಮರೆತಿದ್ದೆವು. ದೊಡ್ಡಮ್ಮ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಒಂದು ಬೋರ್ಡನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು.

"ಚಿಂ... ತಾ... ಮ... ಣಿ."

ಆಮೇಲೆ ನಮ್ಮ ಕಡೆ ತಿರುಗಿ ಗದರಿಸಿದರು. "ಏನ್ ನಿಂತ್ಕೊಂಡು ಮಾತಾಡ್ತೀರಾ? ನಮ್ಮ ಬಸ್ಸು ಬಂದೈತೆ. ನಡೀರಿ, ಸೀಟು ಹಿಡಿಯೋಣ!"

ನೀವೇ ಮಾಡಿ ನೋಡಿ

1. ನಿಮ್ಮ ಆಧಾರ್ ಕಾರ್ಡಿನಲ್ಲಿ ಯಾವ ವಿಳಾಸ ಇದೆ? ಓದಿ.
2. ಆಟೋದಲ್ಲಿ 5 ಕಿಲೋಮೀಟರು ಹೋದರೆ ಮೀಟರ್ ಲೆಕ್ಕದಲ್ಲಿ ಎಷ್ಟು ರೂಪಾಯಿ ಆಗುತ್ತದೆ?
3. ನಿಮ್ಮ ಊರಿನಿಂದ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗುವ ದಾರಿಯನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪಕ್ಕದವರಿಗೆ ಓದಿ ಹೇಳಿ.
4. ನಿಮ್ಮ ಓಣಿಯಲ್ಲಿ ದಾರಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಉಳಿದವರು ಯಾರಾದರೂ ಇದ್ದಾರೆಯೇ? ಅವರ ಜೊತೆ ಯಾರು ಹೋಗುತ್ತೀರಿ? ಗುಂಪಿನಲ್ಲಿ ಮಾತಾಡಿ.